ಕೂಸು ಹುಟ್ಟಲಿ, ಕುಲಾವಿ ಆಮೇಲೆ

ಸೋಮವಾರ ಬೆಳಗಿನ ಮೀಟಿಂಗ್. ಬಾಸ್ ಯಾವುದೋ ಎಕ್ಸ್‌ಪೋಗೆ ಹೋಗಿ ಬಂದಿದ್ದಾರೆ. ಅಲ್ಲಿ ಯಾರೋ ಅವರ ತಲೆಗೆ ವಿಆರ್ ಹೆಡ್‌ಸೆಟ್ ಹಾಕಿ, ಕಾರಿನ ಎಂಜಿನ್ ಒಳಗೆಲ್ಲ ಸುತ್ತಾಡಿಸಿ ಕಳಿಸಿದ್ದಾರೆ. ‘ನಮ್ಮಲ್ಲೂ ಇದು ಬರಬೇಕು ಕಣ್ರೀ. ಬೇರೆಯವರು ತರೋಕೆ ಮುಂಚೆ ನಾವು ತರಬೇಕು’ ಅಂತಾರೆ. ಆಮೇಲೆ ಮೇಜಿನ ಸುತ್ತ ಒಂದು ಸಲ ಕಣ್ಣು ಹಾಯಿಸುತ್ತಾರೆ. ಆ ಕಣ್ಣು ಇದ್ದವರಲ್ಲೇ ಚಿಕ್ಕ ವಯಸ್ಸಿನವರ ಮೇಲೆ ಬಂದು ನಿಲ್ಲುತ್ತದೆ. ‘ನೀವೇ ನೋಡ್ಕೊಳ್ಳಿ. ನಿಮ್ಮ ಜನರೇಷನ್‌ಗೆ ಇದೆಲ್ಲ ಗೊತ್ತಿರುತ್ತೆ.’

ಆ ಚಿಕ್ಕವರು ನೀವಾಗಿದ್ದರೆ, ಈ ವಾರದ ಅಂಕಣ ನಿಮಗೆ.

ಮುಂದೆ ಏನಾಗುತ್ತದೆ ಅನ್ನೋದು ಹಲವು ಕಡೆ ಒಂದೇ ಥರ. ಎರಡು ತಿಂಗಳಲ್ಲಿ ಹೆಡ್‌ಸೆಟ್ ಬರುತ್ತದೆ. ಮೊದಲ ವಾರ ಎಲ್ಲರೂ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚಿ ಹೂವಿಡುತ್ತಾರೆ. ಆರನೇ ತಿಂಗಳಿಗೆ ಹೆಡ್‌ಸೆಟ್ ಕಪಾಟಿನಲ್ಲಿ, ಚಾರ್ಜರ್ ಇನ್ನೆಲ್ಲೋ. ಖರ್ಚು ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಮುಂದೆ ನೀವು ನಿಜಕ್ಕೂ ಒಳ್ಳೆಯ ಐಡಿಯಾ ತಂದರೂ ‘ಹೋದ ಸಲದ್ದು ಏನಾಯ್ತು?’ ಅನ್ನುವ ಪ್ರಶ್ನೆ ಅಡ್ಡ ಬರುತ್ತದೆ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಅಂತ ಗಾದೆ ಇದೆಯಲ್ಲ, ಈ ವಿಷಯಕ್ಕೆ ಅಷ್ಟು ಚೆನ್ನಾಗಿ ಹೊಂದುವ ಗಾದೆ ಇನ್ನೊಂದಿಲ್ಲ. ಇಲ್ಲೂ ಕುಲಾವಿ ತಲೆಗೇ ಹಾಕೋದು!

ಹಾಗಂತ ಈ ತಂತ್ರಜ್ಞಾನವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಜಾಗದಲ್ಲಿ ಇಟ್ಟರೆ ಚೆನ್ನಾಗಿ ದುಡಿಯುತ್ತದೆ. ಅದಕ್ಕೆ ಜಾಗ ಹುಡುಕುವ ಕ್ರಮ ಒಂದಿದೆ. ಆ ಕ್ರಮ ನಿಧಾನದ್ದು.

ನೀವು ಆಗಲೇ ಬಳಸಿದ್ದೀರಿ

ಮೊದಲು ಹೆಸರುಗಳ ಗೊಂದಲ ಮುಗಿಸಿಬಿಡೋಣ. ಸುತ್ತಲಿನ ಜಗತ್ತನ್ನು ಪೂರ್ತಿ ಮುಚ್ಚಿ ಬೇರೊಂದು ಜಗತ್ತನ್ನು ತೋರಿಸಿದರೆ ಅದು ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್. ಎದುರಿಗಿರುವ ಜಗತ್ತಿನ ಮೇಲೇ ಏನನ್ನಾದರೂ ಸೇರಿಸಿ ತೋರಿಸಿದರೆ ಅದು ಆಗ್ಮೆಂಟೆಡ್ ರಿಯಾಲಿಟಿ, ಎಆರ್. ಎರಡನ್ನೂ ಸೇರಿಸಿ ಎಕ್ಸ್‌ಆರ್ ಅಂತಾರೆ.

ಎಆರ್ ನಿಮಗೆ ಹೊಸದಲ್ಲ. ಇನ್‌ಸ್ಟಾಗ್ರಾಮ್ ಫಿಲ್ಟರ್‌ನಲ್ಲಿ ತಲೆಗೆ ಕಿರೀಟ ಬಂದದ್ದು ಎಆರ್. ಲೆನ್ಸ್‌ಕಾರ್ಟ್ ಆ್ಯಪ್‌ನಲ್ಲಿ ನಿಮ್ಮದೇ ಮುಖದ ಮೇಲೆ ಫ್ರೇಮ್ ಇಟ್ಟು ನೋಡಿದ್ದೂ ಎಆರ್. ಸೋಫಾ ನಮ್ಮನೆ ಹಾಲ್‌ನಲ್ಲಿ ಹೇಗೆ ಕಾಣುತ್ತೆ ಅಂತ ಫೋನಿನಲ್ಲೇ ನೋಡುವ ಆ್ಯಪನ್ನು ಐಕಿಯಾ 2017ರಲ್ಲೇ ತಂದಿತ್ತು. ಅಂದರೆ ಈ ದಾರಿಯ ಮೊದಲ ಮೆಟ್ಟಿಲು ನಿಮ್ಮ ಜೇಬಿನಲ್ಲೇ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹತ್ತು ಜನ, ಮೂರು ವಾರ

ದೊಡ್ಡ ಕಂಪನಿಗಳ ಹತ್ತಿರ ದುಡ್ಡಿದೆ, ಅವರು ಒಂದೇ ಸಲಕ್ಕೆ ಎಲ್ಲಾ ಕಡೆ ಹಾಕಿಬಿಡುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವೆ. ಡಿಎಚ್‌ಎಲ್ ಮಾಡಿದ್ದು ನೋಡಿ.

ಗೋಡೌನ್‌ನಲ್ಲಿ ಆರ್ಡರ್ ಬಂದಾಗ ಒಬ್ಬರು ಗಾಡಿ ತಳ್ಳಿಕೊಂಡು ಹೋಗಿ, ಯಾವ ಸಾಲು, ಯಾವ ಕಪಾಟು, ಎಷ್ಟು ಪೀಸ್ ಅಂತ ಪಟ್ಟಿ ನೋಡಿ ನೋಡಿ ಸಾಮಾನು ತೆಗೆಯಬೇಕು. ಒಂದು ಕೈಯಲ್ಲಿ ಪಟ್ಟಿ ಇಲ್ಲವೇ ಸ್ಕ್ಯಾನರ್, ಇನ್ನೊಂದು ಕೈಯಲ್ಲಿ ಸಾಮಾನು. ಈ ಪಟ್ಟಿಯನ್ನೇ ಕಣ್ಣೆದುರಿನ ಕನ್ನಡಕದಲ್ಲಿ ತೋರಿಸಿದರೆ ಎರಡೂ ಕೈ ಬಿಡುವಾಗುತ್ತದಲ್ಲ? ಡಿಎಚ್‌ಎಲ್ ಕೇಳಿಕೊಂಡದ್ದು ಈ ಒಂದೇ ಪ್ರಶ್ನೆ.

ಜಗತ್ತಿನಾದ್ಯಂತ ಗೋಡೌನ್ ಇರುವ ಈ ಕಂಪನಿ ಪ್ರಯೋಗಕ್ಕೆ ಆರಿಸಿಕೊಂಡದ್ದು ನೆದರ್ಲೆಂಡ್ಸ್‌ನ ಒಂದೇ ಗೋಡೌನ್. ಅಲ್ಲಿ ಹತ್ತು ಜನ ಕೆಲಸಗಾರರು, ಮೂರು ವಾರ. ಅಷ್ಟರಲ್ಲಿ ಅವರು 20,000ಕ್ಕೂ ಹೆಚ್ಚು ಸಾಮಾನು ತೆಗೆದು 9,000 ಆರ್ಡರ್ ಮುಗಿಸಿದರು. ಕೆಲಸದ ವೇಗ ಶೇ. 25ರಷ್ಟು ಹೆಚ್ಚಿತು ಅಂತ 2015ರಲ್ಲಿ ಕಂಪನಿ ಹೇಳಿತು. ಆಮೇಲೆ ಬೇರೆ ಕೆಲವು ಕಡೆ ಪ್ರಯೋಗ ನಡೆಯಿತು. ಇದು ನಮ್ಮ ಮಾಮೂಲಿ ಪದ್ಧತಿಯಾಗಲಿದೆ ಅಂತ ಘೋಷಿಸಿದ್ದು 2017ರಲ್ಲಿ.

ಆ ಘೋಷಣೆಯಲ್ಲಿ ಇನ್ನೊಂದು ಅಂಕಿ ಇತ್ತು. ಹಲವು ಕಡೆಯ ಪ್ರಯೋಗ ಮುಗಿದ ಮೇಲೆ ಸಿಕ್ಕ ಸರಾಸರಿ ಸುಧಾರಣೆ ಶೇ. 15. ಮೊದಲ ಪ್ರಯೋಗದ 25 ಎಲ್ಲಿ, ಈ 15 ಎಲ್ಲಿ?

ಇದರಲ್ಲಿ ಮೋಸ ಏನೂ ಇಲ್ಲ. ಮೊದಲ ಪ್ರಯೋಗದಲ್ಲಿ ಎಲ್ಲರಿಗೂ ಹುರುಪು ಇರುತ್ತದೆ, ಜಾಗ ಅನುಕೂಲದ್ದಾಗಿರುತ್ತದೆ, ಮೇಲಿನವರ ಕಣ್ಣೂ ಅಲ್ಲೇ ಇರುತ್ತದೆ. ಹತ್ತು ಕಡೆ ಹರಡಿದಾಗ ಅಂಕಿ ನೆಲಕ್ಕಿಳಿಯುತ್ತದೆ. ಹಾಗಾಗಿ ನಿಮ್ಮ ಪ್ರಯೋಗದಲ್ಲಿ ಒಳ್ಳೆಯ ಅಂಕಿ ಬಂದರೆ ಖುಷಿಪಡಿ. ಆದರೆ ಬಾಸ್‌ಗೆ ಬಜೆಟ್ ಬರೆದು ಕೊಡುವಾಗ ಅದರ ಅರ್ಧದಷ್ಟೇ ಲಾಭ ಹಿಡಿದು ಲೆಕ್ಕ ಹಾಕಿ. ಆಗಲೂ ಲೆಕ್ಕ ಸರಿಹೊಂದಿದರೆ ಮುಂದಕ್ಕೆ ಹೋಗಿ.

ನಾಲ್ಕು ‘ಅ’ಗಳ ಪರೀಕ್ಷೆ

ಇನ್ನು ಅಮೆರಿಕದ ವಾಲ್‌ಮಾರ್ಟ್ ಕಥೆ. ಅವರು ವಿಆರ್ ತರಬೇತಿಯನ್ನು ಮೊದಲು ಕೆಲವೇ ಕೇಂದ್ರಗಳಲ್ಲಿ ನೋಡಿದರು. 2017ರಲ್ಲಿ ಸುಮಾರು 200 ತರಬೇತಿ ಕೇಂದ್ರಗಳಿಗೆ ವಿಸ್ತರಿಸಿದರು. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ತಮ್ಮ ಎಲ್ಲಾ ಅಂಗಡಿಗಳಿಗೆ ಒಟ್ಟು 17,000 ಹೆಡ್‌ಸೆಟ್ ಕಳಿಸುವುದಾಗಿ ಹೇಳಿದರು. ಸಂಖ್ಯೆ ದೊಡ್ಡದು. ಆದರೆ ಅದು ಕೊನೆಯ ಮೆಟ್ಟಿಲಿನ ಸಂಖ್ಯೆ. ಆಗಲೂ ಒಂದು ದೊಡ್ಡ ಅಂಗಡಿಗೆ ಸಿಕ್ಕಿದ್ದು ನಾಲ್ಕೇ ಹೆಡ್‌ಸೆಟ್.

ಅವರು ಆರಿಸಿಕೊಂಡ ಪಾಠಗಳಲ್ಲಿ ಒಂದು ಬ್ಲ್ಯಾಕ್ ಫ್ರೈಡೇ. ವರ್ಷಕ್ಕೊಮ್ಮೆ ಬರುವ ಭಾರಿ ರಿಯಾಯಿತಿ ದಿನ ಅದು. ಬಾಗಿಲು ತೆಗೆದ ಕೂಡಲೇ ಜನ ನುಗ್ಗುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಆ ನೂಕುನುಗ್ಗಲನ್ನು ಮೊದಲೇ ತೋರಿಸುವುದು ಹೇಗೆ? ಸುಳ್ಳು ಜನಸಂದಣಿ ಸೇರಿಸೋಕಾಗಲ್ಲ. ಹೆಡ್‌ಸೆಟ್ ಹಾಕಿ ತೋರಿಸಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಆರ್ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿರುವ ಜೆರೆಮಿ ಬೈಲೆನ್ಸನ್ ಇದಕ್ಕೊಂದು ಸರಳ ಪರೀಕ್ಷೆ ಹೇಳುತ್ತಾರೆ. ಅವರ ನಾಲ್ಕು ಪದಗಳನ್ನು ಕನ್ನಡಕ್ಕೆ ತಂದರೆ ನಾಲ್ಕೂ ‘ಅ’ದಿಂದಲೇ ಶುರುವಾಗುತ್ತವೆ. ನಿಜವಾಗಿ ಮಾಡಿ ಕಲಿಯೋದು ಅಪಾಯವೇ? ಅಸಾಧ್ಯವೇ? ಅನರ್ಥಕ್ಕೆ ದಾರಿಯೇ? ಅತಿ ಖರ್ಚಿನದೇ? ಈ ನಾಲ್ಕರಲ್ಲಿ ಒಂದಕ್ಕಾದರೂ ‘ಹೌದು’ ಅಂತ ಉತ್ತರ ಬಂದರೆ ವಿಆರ್ ಬಗ್ಗೆ ಯೋಚಿಸಿ. ಒಂದಕ್ಕೂ ಬರದಿದ್ದರೆ ಬೇಡ.

ಇದನ್ನು ನಮ್ಮ ಕಡೆಯ ಕೆಲಸಗಳಿಗೆ ಹಚ್ಚಿ ನೋಡೋಣ.

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್ ಅಂದುಕೊಳ್ಳಿ. ಲೇಥ್ ಮೆಷಿನ್‌ನ ಚಕ್ ಬಿಗಿ ಮಾಡಿದ ಮೇಲೆ ಚಕ್ ಕೀಯನ್ನು ಅಲ್ಲೇ ಬಿಟ್ಟು ಮೆಷಿನ್ ಆನ್ ಮಾಡಿದರೆ ಆ ಕೀ ಗುಂಡಿನ ಹಾಗೆ ಹಾರುತ್ತದೆ. ಇದನ್ನು ಹೊಸ ಹುಡುಗರಿಗೆ ಬಾಯಲ್ಲಿ ನೂರು ಸಲ ಹೇಳಬಹುದು, ನಿಜವಾಗಿ ಮಾಡಿ ತೋರಿಸೋಕಾಗಲ್ಲ. ಮೊದಲ ‘ಅ’ ಇದ್ದೇ ಇದೆ. ಇಲ್ಲಿ ವಿಆರ್‌ಗೆ ಜಾಗ ಇದೆ.

ಅದೇ ವರ್ಕ್‌ಶಾಪ್‌ನಲ್ಲಿ ರಜೆ ಅರ್ಜಿ ತುಂಬೋದು ಹೇಗೆ ಅಂತ ಕಲಿಸೋಕೆ? ಒಂದು ವಾಟ್ಸ್‌ಆ್ಯಪ್ ಮೆಸೇಜ್ ಸಾಕು. ಟೀಮ್ ಮೀಟಿಂಗ್‌ಗೆ? ಎದುರಾಬದುರು ಕೂತು ಕಾಫಿ ಕುಡಿಯುತ್ತಾ ಮಾತಾಡುವ ಅನುಕೂಲ ಇರುವಾಗ ಕಾರ್ಟೂನ್ ಮುಖ ಹಾಕಿಕೊಂಡು ಯಾಕೆ ಕೂರಬೇಕು?

ಹಂತ ಹಂತವಾಗಿ ಅಂದರೆ ಹೇಗೆ?

ಮೊದಲ ಹಂತಕ್ಕೆ ಬೇಕಾದ್ದು ನೋಟ್‌ಬುಕ್ ಮತ್ತು ಪೆನ್ನು. ಎರಡು ವಾರ ಏನನ್ನೂ ಕೊಳ್ಳಬೇಡಿ. ಸೇಲ್ಸ್‌ನವರ ಹತ್ತಿರ, ಶಾಪ್ ಫ್ಲೋರ್‌ನಲ್ಲಿ, ಡೆಲಿವರಿ ಹುಡುಗರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: ‘ಪದೇ ಪದೇ ಯಾವುದು ತಪ್ಪಾಗುತ್ತೆ?’ ಬಂದ ಉತ್ತರ ಬರೆದುಕೊಳ್ಳಿ. ತಿಂಗಳಿಗೆ ಎಷ್ಟು ಸಲ, ಪ್ರತಿ ಸಲ ಎಷ್ಟು ನಷ್ಟ ಅನ್ನೋದನ್ನೂ ಬರೆಯಿರಿ. ಈ ಅಂಕಿ ಈಗ ಸಿಗದಿದ್ದರೆ ಆಮೇಲೆ ‘ಸುಧಾರಿಸಿತು’ ಅಂತ ಹೇಳಲು ನಿಮ್ಮ ಹತ್ತಿರ ಆಧಾರವೇ ಇರಲ್ಲ.

ಎರಡನೇ ಹಂತ ಫೋನ್. ದಾವಣಗೆರೆಯ ಒಂದು ಪೀಠೋಪಕರಣ ಅಂಗಡಿ ಅಂದುಕೊಳ್ಳಿ. ‘ಅಂಗಡೀಲಿ ಚಿಕ್ಕದಾಗಿ ಕಂಡ್ತು, ಮನೇಲಿ ಬಾಗಿಲೇ ದಾಟ್ತಿಲ್ಲ’ ಅಂತ ವಾಪಸ್ ಬರುವ ಸೋಫಾಗಳೇ ಅವರ ತಲೆನೋವು. ಹಾಗಿದ್ದರೆ ಹೆಚ್ಚು ಮಾರಾಟವಾಗುವ ಐದು ಸೋಫಾಗಳ 3ಡಿ ಮಾದರಿ ಮಾಡಿಸಿ. ಬೆಲೆಚೀಟಿಯ ಪಕ್ಕ ಒಂದು ಕ್ಯೂಆರ್ ಕೋಡ್ ಅಂಟಿಸಿ. ಗಿರಾಕಿ ಮನೆಗೆ ಹೋಗಿ ಸ್ಕ್ಯಾನ್ ಮಾಡಿದರೆ ಅದೇ ಅಳತೆಯ ಸೋಫಾ ಅವರ ಹಾಲ್‌ನಲ್ಲಿ ಫೋನ್ ಪರದೆಯ ಮೇಲೆ ಕೂತಿರುತ್ತದೆ. ಈಗಿನ ಬಹುಪಾಲು ಆಂಡ್ರಾಯ್ಡ್ ಮತ್ತು ಐಫೋನ್‌ಗಳಲ್ಲಿ ಇದಕ್ಕೆ ಬೇರೆ ಆ್ಯಪ್ ಬೇಕಿಲ್ಲ, ಬ್ರೌಸರ್ ಸಾಕು.

ಎರಡು ಕಿವಿಮಾತು. ಒಂದು, ಫೈಲ್ ಕೆಲವೇ ಎಂಬಿ ಇರಲಿ. ಡೇಟಾ ನಿಧಾನ ಇರುವ ಊರಿನಲ್ಲಿ ಭಾರದ ಫೈಲ್ ತೆರೆಯುವಷ್ಟರಲ್ಲಿ ಗಿರಾಕಿಯ ತಾಳ್ಮೆ ಮುಗಿದಿರುತ್ತದೆ. ಎರಡು, ಎಲ್ಲಾ ಸಾಮಾನಿಗೂ ಇದು ಒಗ್ಗುವುದಿಲ್ಲ. ಫೋಟೊ ಹೊಡೆದು 3ಡಿ ಮಾದರಿ ಮಾಡುವ ಸಾಫ್ಟ್‌ವೇರ್‌ಗಳು ಗಾಜು, ಕನ್ನಡಿ, ಮಿರಮಿರ ಮಿಂಚುವ ವಸ್ತು ಕಂಡರೆ ಗಲಿಬಿಲಿಗೊಳ್ಳುತ್ತವೆ. ಜರಿ ಅಂಚಿನ ರೇಷ್ಮೆ ಸೀರೆಯ ಹೊಳಪಾಗಲಿ, ನೆರಿಗೆ ಬೀಳುವ ಚೆಂದವಾಗಲಿ ಅದರಲ್ಲಿ ಸುಲಭಕ್ಕೆ ಬರಲ್ಲ. ಸೀರೆ ಅಂಗಡಿಯವರು ಒಳ್ಳೆಯ ಬೆಳಕಿನಲ್ಲಿ ತೆಗೆದ ವಿಡಿಯೊಗೇ ದುಡ್ಡು ಹಾಕೋದು ಮೇಲು.

ಮೂರನೇ ಹಂತ ಒಂದೇ ಒಂದು ಹೆಡ್‌ಸೆಟ್. ಸಾಧ್ಯವಾದರೆ ಬಾಡಿಗೆಗೆ ಅಥವಾ ಸಾಲವಾಗಿ ತನ್ನಿ. ಒಂದೇ ಪಾಠ ಮಾಡಿ, ಅದೂ 360 ಡಿಗ್ರಿ ವಿಡಿಯೊದಲ್ಲಿ. ಇದರಲ್ಲಿ ಸುತ್ತ ತಿರುಗಿ ನೋಡಬಹುದು, ಕೈಯಿಂದ ಮುಟ್ಟಿ ತಿರುಗಿಸೋಕಾಗಲ್ಲ. ಮುಟ್ಟುವಂಥದ್ದು ಬೇಕಾದರೆ ಕಂಪ್ಯೂಟರ್‌ನಲ್ಲಿ ಇಡೀ ಜಗತ್ತನ್ನೇ ಕಟ್ಟಬೇಕು, ಖರ್ಚು ಎಷ್ಟೋ ಪಟ್ಟು ಏರುತ್ತದೆ. ವಾಲ್‌ಮಾರ್ಟ್ ಕೂಡ ಆರಂಭದಲ್ಲಿ 360 ವಿಡಿಯೊ ಹಾಕಿ, ನಡುನಡುವೆ ಪ್ರಶ್ನೆ ಕೇಳುವ ಪಾಠಗಳನ್ನೇ ಬಳಸಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ, ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಇಡಿ. ಹಾರುವ ಕೀಯಂಥ ಅಪಾಯವನ್ನು ವಿಡಿಯೊಗೋಸ್ಕರ ನಿಜವಾಗಿ ಮಾಡಬೇಡಿ. ಮೆಷಿನ್‌ನ ಮೇನ್ ಸ್ವಿಚ್ ಆಫ್ ಮಾಡಿ, ಕೀ ಚಕ್‌ನಲ್ಲೇ ಇರುವಂತೆ ಇಟ್ಟು ಶೂಟ್ ಮಾಡಿ, ‘ಇಲ್ಲಿ ತಪ್ಪೇನಿದೆ, ಹುಡುಕಿ’ ಅಂತ ಕೇಳಿದರಾಯಿತು.

ನಾಲ್ಕನೇ ಹಂತ ಅಳೆಯೋದು. ಇದಕ್ಕೆ ನೂರಾರು ಜನ ಬೇಕಿಲ್ಲ. 2002ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ ಶಸ್ತ್ರಚಿಕಿತ್ಸಾ ತರಬೇತಿಯಲ್ಲಿ ಹೆಸರುವಾಸಿ. ಅದರಲ್ಲಿ ಇದ್ದದ್ದು ಒಟ್ಟು 16 ಯುವ ವೈದ್ಯರು. ಅರ್ಧ ಜನರಿಗೆ ಮಾಮೂಲಿ ತರಬೇತಿ, ಉಳಿದರ್ಧ ಜನರಿಗೆ ಅದರ ಜೊತೆ ವಿಆರ್ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ. ನಂತರ ಪಿತ್ತಕೋಶದ ಲ್ಯಾಪರೊಸ್ಕೊಪಿ ಶಸ್ತ್ರಚಿಕಿತ್ಸೆಯಲ್ಲಿ ನೋಡಿದರೆ ವಿಆರ್‌ನಲ್ಲಿ ಅಭ್ಯಾಸ ಮಾಡಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶ ಸುಡುವ ಸಂಭವ ಅಭ್ಯಾಸ ಮಾಡದವರಲ್ಲಿ ಐದು ಪಟ್ಟು ಇತ್ತು.

ನೀವೂ ಹಾಗೇ ಮಾಡಿ. ಹೊಸದಾಗಿ ಸೇರಿದ ಹನ್ನೆರಡು ಜನರಲ್ಲಿ ಚೀಟಿ ಎತ್ತಿ ಆರು ಜನರಿಗೆ ಹಳೇ ಪದ್ಧತಿ, ಆರು ಜನರಿಗೆ ಹೊಸದು. ಒಂದು ತಿಂಗಳಾದ ಮೇಲೆ ಯಾರು ಎಷ್ಟು ತಪ್ಪು ಮಾಡಿದರು ಅಂತ ನೋಡಿ. ‘ಹೇಗಿತ್ತು?’ ಅಂತ ಮಾತ್ರ ಕೇಳಿದರೆ ಎಲ್ಲರೂ ‘ಸೂಪರ್ ಸರ್’ ಅಂತಾರೆ. ಹನ್ನೆರಡು ಜನರಿಂದ ಕೊನೆಯ ತೀರ್ಪು ಸಿಗಲ್ಲ, ನಿಜ. ಆದರೆ ಮುಂದಿನ ಹೆಜ್ಜೆ ಇಡಬೇಕೋ ಬೇಡವೋ ಅನ್ನೋದಕ್ಕೆ ಒಂದು ಸುಳಿವು ಸಿಗುತ್ತದೆ.

ಐದನೇ ಹಂತ ತೀರ್ಮಾನ. ಹೆಚ್ಚಿಸಬಹುದು, ಇದ್ದಷ್ಟಕ್ಕೇ ಇಡಬಹುದು, ನಿಲ್ಲಿಸಿಬಿಡಬಹುದು. ನಿಲ್ಲಿಸುವುದೂ ಒಂದು ಗೌರವದ ತೀರ್ಮಾನ ಅಂತ ಶುರುವಿನಲ್ಲೇ ಬಾಸ್ ಹತ್ತಿರ ಒಪ್ಪಿಸಿಕೊಳ್ಳಿ. ಒಂದು ಹೆಡ್‌ಸೆಟ್‌ನ ಬಾಡಿಗೆಯಲ್ಲಿ ‘ಇದು ನಮಗಲ್ಲ’ ಅಂತ ಗೊತ್ತಾದರೆ ಇಪ್ಪತ್ತು ಹೆಡ್‌ಸೆಟ್‌ನ ದುಡ್ಡು ಉಳಿಯಿತು.

ತಲೆ ಯಾರದ್ದು ಅನ್ನೋದು ಮುಖ್ಯ

ಬ್ರೋಷರ್‌ಗಳಲ್ಲಿ ಹೆಡ್‌ಸೆಟ್ ಹಾಕಿಕೊಂಡವರೆಲ್ಲ ನಗುತ್ತಿರುತ್ತಾರೆ. ನಮ್ಮ ಕೆಲಸದ ಜಾಗದಲ್ಲಿ ಅದನ್ನು ಹಾಕಿಕೊಳ್ಳುವವರು ಯಾರು? ಮಲ್ಲಿಗೆ ಮುಡಿದು ಬರುವವರಿದ್ದಾರೆ, ಹಿಂದಿನ ಪಟ್ಟಿ ತುರುಬಿಗೆ ಒತ್ತುತ್ತದೆ. ಹಣೆಯ ಕುಂಕುಮ ಸ್ಪಾಂಜಿಗೆ ಅಂಟುತ್ತದೆ. ಕನ್ನಡಕದವರಿಗೆ ಒಳಗೆ ಜಾಗ ಸಾಲದೆ ಲೆನ್ಸ್‌ಗೆ ಗೀರು ಬೀಳಬಹುದು. ಬೇಸಿಗೆಯಲ್ಲಿ ಬೆವರು. ಇನ್ನೊಬ್ಬರ ಬೆವರಿನ ಸ್ಪಾಂಜನ್ನು ಮುಖಕ್ಕೆ ಒತ್ತಿಕೊಳ್ಳಲು ಯಾರಿಗೂ ಇಷ್ಟ ಇರಲ್ಲ, ನಿಮಗೂ ಇರಲ್ಲ. ಒರೆಸಿ ಶುಚಿ ಮಾಡುವಂಥ ಕವರ್, ಪ್ರತಿಯೊಬ್ಬರ ನಂತರ ಸ್ವಚ್ಛ ಮಾಡುವ ಜವಾಬ್ದಾರಿ ಹೊತ್ತ ಒಬ್ಬರು, ಇಷ್ಟಾದರೂ ಇರಲಿ.

ತಲೆಸುತ್ತು ಇನ್ನೊಂದು. ಕಣ್ಣು ‘ನಾನು ಚಲಿಸ್ತಿದ್ದೀನಿ’ ಅನ್ನುತ್ತದೆ, ಒಳಗಿವಿ ‘ಇಲ್ಲ, ಕೂತಿದ್ದೀಯ’ ಅನ್ನುತ್ತದೆ. ಘಾಟಿಯಲ್ಲಿ ಬಸ್ಸಿನೊಳಗೆ ಮೊಬೈಲ್ ನೋಡಿದರೆ ಹೊಟ್ಟೆ ತೊಳಸುತ್ತದಲ್ಲ, ಅದರದ್ದೇ ತಿರುವುಮುರುವು. ಕ್ಯಾಮೆರಾ ನಿಂತಲ್ಲೇ ಇರಲಿ ಅಂದದ್ದು ಇದಕ್ಕೇ. ಪಾಠ ಹತ್ತು ನಿಮಿಷ ಮೀರದಿರಲಿ. ಕೂತು ನೋಡಲಿ. ‘ನನಗಾಗಲ್ಲ’ ಅಂದವರಿಗೆ ಅದೇ ವಿಡಿಯೊ ಟ್ಯಾಬ್‌ನಲ್ಲಿ ಸಿಗಲಿ. ಬಲವಂತ ಬೇಡ.

ಮೂರನೆಯದು ಭಾಷೆ. ಸಿದ್ಧ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ. ನಿಮ್ಮ ಶಾಪ್ ಫ್ಲೋರ್‌ನಲ್ಲಿ ರಾಯಚೂರಿನವರು, ಹಾಸನದವರು, ಬಿಹಾರದವರು ಇರಬಹುದು. ಕಿವಿಗೆ ಅರ್ಥವಾಗದ್ದು ಕಣ್ಣಿಗೆ ಎಷ್ಟು ಚೆಂದ ಕಂಡರೇನು? ನಿಮ್ಮದೇ 360 ವಿಡಿಯೊ ಆದರೆ ಕನ್ನಡದಲ್ಲಿ ಒಂದು ದನಿ, ಹಿಂದಿಯಲ್ಲಿ ಒಂದು ದನಿ ಸೇರಿಸೋದು ದೊಡ್ಡ ಕೆಲಸವಲ್ಲ.

ನಾಲ್ಕನೆಯದು ಯಾರೂ ಬಾಯಿಬಿಟ್ಟು ಹೇಳದ ಭಯ. ಈ ಸಾಧನಗಳಲ್ಲಿ ಕ್ಯಾಮೆರಾ ಇರುತ್ತದೆ. ತಲೆ ಎತ್ತ ತಿರುಗಿತು, ಕೈ ಎಷ್ಟು ಬೇಗ ಆಡಿತು ಅನ್ನೋದನ್ನು ಅವು ಗುರುತಿಸುತ್ತವೆ. ಕೆಲವು ಮಾದರಿಗಳು ಕಣ್ಣಿನ ಚಲನೆಯನ್ನೂ ಹಿಡಿಯುತ್ತವೆ. ‘ಇದರಲ್ಲಿ ನಮ್ಮ ಮಾರ್ಕ್ಸ್ ನೋಡಿ ಇನ್‌ಕ್ರಿಮೆಂಟ್ ಕೊಡ್ತಾರಂತೆ’ ಅನ್ನುವ ಗುಸುಗುಸು ಒಂದು ಸಲ ಹುಟ್ಟಿದರೆ ನಿಮ್ಮ ಪ್ರಯೋಗ ಅಲ್ಲಿಗೇ ಮುಗಿಯಿತು. ಏನು ದಾಖಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅಂತ ಒಂದು ಪುಟದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಜನರ ಮಾಹಿತಿ ಬಳಸುವ ಬಗ್ಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಬಂದಿದೆ. ಎಚ್‌ಆರ್‌ನವರನ್ನು ಮೊದಲ ದಿನವೇ ಜೊತೆಗೆ ಕೂರಿಸಿಕೊಳ್ಳಿ.

ಸಾಧನ ಸಾಯುತ್ತದೆ, ಪಾಠ ಉಳಿಯಬೇಕು

ಹಣದ ಲೆಕ್ಕ ಕೇಳುವ ಬಾಸ್‌ಗೆ ಎರಡು ವಿಷಯ ಹೇಳಿ.

ಒಂದು, ಪಿಡಬ್ಲ್ಯುಸಿ ಸಂಸ್ಥೆ 2020ರಲ್ಲಿ ತನ್ನ ವಿಆರ್ ತರಬೇತಿಯ ಲೆಕ್ಕ ಪ್ರಕಟಿಸಿತು. ವಿಆರ್‌ನಲ್ಲಿ ಕಲಿತವರು ತರಗತಿಯಲ್ಲಿ ಕಲಿತವರಿಗಿಂತ ನಾಲ್ಕು ಪಟ್ಟು ಬೇಗ ಮುಗಿಸಿದರು ಅನ್ನುವ ಸಾಲನ್ನು ಎಲ್ಲರೂ ತಮ್ಮ ಸ್ಲೈಡಿನಲ್ಲಿ ಹಾಕಿಕೊಳ್ಳುತ್ತಾರೆ. ಅದೇ ವರದಿಯ ಇನ್ನೊಂದು ಅಂಕಿ ಸ್ಲೈಡುಗಳಲ್ಲಿ ಅಷ್ಟಾಗಿ ಕಾಣಲ್ಲ: ಸುಮಾರು 375 ಜನ ಕಲಿಯುವವರಿದ್ದರೆ ಮಾತ್ರ ವಿಆರ್ ಖರ್ಚು ತರಗತಿಯ ಖರ್ಚಿಗೆ ಸಮವಾಗುತ್ತದೆ. ನಿಮ್ಮದು ನಲವತ್ತು ಜನರ ಕಂಪನಿಯೇ? ಹಾಗಾದರೆ ಸ್ವಂತಕ್ಕೆ ದೊಡ್ಡ ಪಾಠ ಕಟ್ಟಿಸಬೇಡಿ. ಒಂದೇ ಥರ ಮೆಷಿನ್ ಇರುವ ಅಕ್ಕಪಕ್ಕದ ಹತ್ತು ಕಾರ್ಖಾನೆಯವರು ಸೇರಿ, ಕೈಗಾರಿಕಾ ಸಂಘದ ಮೂಲಕ ಒಂದು ಪಾಠ ಮಾಡಿಸಿಕೊಳ್ಳಬಹುದಲ್ಲ? ಸುರಕ್ಷತೆಯ ಪಾಠದಲ್ಲಿ ಯಾರ ವ್ಯಾಪಾರದ ಗುಟ್ಟೂ ಇರಲ್ಲ.

ಎರಡು, ಸಾಧನಗಳ ಆಯಸ್ಸು ಕಡಿಮೆ. ಗೂಗಲ್ ಗ್ಲಾಸ್ 2013ರಲ್ಲಿ ದೊಡ್ಡ ಸುದ್ದಿ ಮಾಡಿತು, 2015ರಲ್ಲಿ ಜನಸಾಮಾನ್ಯರಿಗೆ ಮಾರಾಟ ನಿಂತಿತು, 2017ರಲ್ಲಿ ಕಂಪನಿಗಳಿಗೆಂದೇ ಮರಳಿತು, 2023ರಲ್ಲಿ ಅದೂ ನಿಂತಿತು. ಮೈಕ್ರೊಸಾಫ್ಟ್‌ನ ಹೊಲೊಲೆನ್ಸ್ 2 ತಯಾರಿಕೆ 2024ರಲ್ಲಿ ನಿಂತಿತು. ಹಾಗಾಗಿ ಪಾಠ ಮಾಡಿಕೊಡುವವರ ಹತ್ತಿರ ಮೂಲ ವಿಡಿಯೊ ಮತ್ತು 3ಡಿ ಫೈಲ್‌ಗಳನ್ನು ಎಲ್ಲಾ ಸಾಧನಗಳಲ್ಲೂ ತೆರೆಯುವ ರೂಪದಲ್ಲಿ ನಿಮ್ಮ ಕೈಗೆ ಕೊಡುವಂತೆ ಕರಾರಿನಲ್ಲೇ ಬರೆಸಿಕೊಳ್ಳಿ. ಪಾಠದ ಆಯಸ್ಸನ್ನೂ ಯೋಚಿಸಿ. ವಾಲ್‌ಮಾರ್ಟ್ ವಿಆರ್‌ನಲ್ಲಿ ಕಲಿಸಿದ ಇನ್ನೊಂದು ಪಾಠ, ಗಿರಾಕಿಗಳ ಆರ್ಡರ್ ಎತ್ತಿ ಕೊಡುವ ದೊಡ್ಡ ‘ಪಿಕಪ್ ಟವರ್’ ಯಂತ್ರದ್ದು. 2021ರಲ್ಲಿ ಕಂಪನಿ ಆ ಯಂತ್ರಗಳನ್ನೇ ಕೈಬಿಡತೊಡಗಿತು. ವರ್ಷ ವರ್ಷ ಬದಲಾಗುವ ಕೆಲಸಕ್ಕೆ ದುಬಾರಿ ಪಾಠ ಮಾಡಿಸಿದರೆ ಹೀಗೇ ಆಗೋದು.

ಯಾರ ಅನುಭವ, ಯಾರ ಹೆಸರು

ಕೊನೆಯ ಮಾತು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು.

ನಿಮ್ಮ ಕೆಲಸದ ಜಾಗದಲ್ಲಿ ಇಪ್ಪತ್ತೈದು ವರ್ಷದಿಂದ ಒಂದೇ ಮೆಷಿನ್ ಮುಂದೆ ನಿಂತ ಒಬ್ಬರು ಇದ್ದೇ ಇರುತ್ತಾರೆ. ಸದ್ದು ಕೇಳಿಯೇ ‘ಬೇರಿಂಗ್ ಹೋಗ್ತಿದೆ’ ಅಂತ ಹೇಳುವವರು. ಎಲ್ಲರಿಗೂ ಅವರು ಅಣ್ಣ. ಅವರು ರಿಟೈರ್ ಆದ ದಿನ ಆ ವಿದ್ಯೆಯೂ ಟಿಫಿನ್ ಕ್ಯಾರಿಯರ್ ಜೊತೆ ಗೇಟು ದಾಟಿ ಹೊರಟುಹೋಗುತ್ತದೆ. ಈ ತಂತ್ರಜ್ಞಾನದಿಂದ ಸಣ್ಣ ಉದ್ದಿಮೆಗೆ ಆಗಬಹುದಾದ ದೊಡ್ಡ ಉಪಕಾರ ಆ ವಿದ್ಯೆಯನ್ನು ಹಿಡಿದಿಡುವುದು.

ಆದ್ದರಿಂದ ಮೊದಲ ಪಾಠ ಬರೆಯಲು ಸ್ಟುಡಿಯೊದವರನ್ನು ಕರೆಯುವ ಮುನ್ನ ಆ ಅಣ್ಣನ ಹತ್ತಿರ ಹೋಗಿ. ‘ಅಣ್ಣಾ, ಹೊಸಬರು ಮೊದಲು ಏನು ತಪ್ಪು ಮಾಡ್ತಾರೆ?’ ಅಂತ ಕೇಳಿ. ಕ್ಯಾಮೆರಾ ಅವರ ಭುಜದ ಪಕ್ಕ ಇರಲಿ. ದನಿ ಅವರದ್ದೇ ಇರಲಿ, ಅವರಾಡುವ ಕನ್ನಡದಲ್ಲೇ ಇರಲಿ. ಪಾಠದ ಮೊದಲ ಪರದೆಯಲ್ಲಿ ಅವರ ಹೆಸರು ಬರಲಿ. ಅದಕ್ಕೆ ಗೌರವಧನವನ್ನೂ ಬಾಸ್ ಹತ್ತಿರ ಕೇಳಿ ಕೊಡಿಸಿ. ಮತ್ತು ಒಂದು ಮಾತು ಮೊದಲೇ ಖಚಿತ ಮಾಡಿಕೊಳ್ಳಿ: ಪಾಠ ಸಿದ್ಧವಾಯಿತು ಅನ್ನುವ ಕಾರಣಕ್ಕೆ ಅವರನ್ನು ಮನೆಗೆ ಕಳಿಸುವ ಹಾಗಿಲ್ಲ. ಒಬ್ಬರಿಗೆ ಹಾಗಾದರೆ, ಆಮೇಲೆ ಆ ಕಾರ್ಖಾನೆಯಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿಕೊಡಲ್ಲ.

ಹೆಡ್‌ಸೆಟ್ ಮುಂದಿನ ವರ್ಷ ಹಗುರವಾಗುತ್ತದೆ, ಅಗ್ಗವೂ ಆಗಬಹುದು. ಕಾಯ್ದರೆ ನಷ್ಟವಿಲ್ಲ. ಅಣ್ಣನ ರಿಟೈರ್‌ಮೆಂಟ್ ತಾರೀಕು ಮಾತ್ರ ಕಾಯಲ್ಲ. ಈ ವಾರವೇ ಹೋಗಿ ಮಾತಾಡಿಸಿ. ಅದಕ್ಕೆ ಬಜೆಟ್ಟೂ ಬೇಡ, ಬಾಸ್ ಸಹಿಯೂ ಬೇಡ.